ಪ್ರಶ್ನಾವಳಿ ಮಹಾಶಯರ ಸನ್ನಿಧಾನಕ್ಕೆ

ಮನಶ್ಶಾಸ್ತ್ರದ ಸಂಶೋಧನೆಗೆ ಆಧಾರಸ್ತಂಭರೂ, ಪಿಎಚ್.ಡಿ. ಅಭ್ಯರ್ಥಿಗಳ ಪಾಲಿನ ಕಾಮಧೇನುವೂ, ಒಂದರಿಂದ ಐದರವರೆಗಿನ ಅಂಕಗಳಿಂದ ಅಲಂಕೃತರೂ ಆದ ಶ್ರೀ ಪ್ರಶ್ನಾವಳಿ ಮಹಾಶಯರಿಗೆ, ತಮ್ಮನ್ನು ಹೆಗಲ ಚೀಲದಲ್ಲಿಟ್ಟುಕೊಂಡು ಮನೆಮನೆ ತಿರುಗುವ ಕ್ಷೇತ್ರ ಕಾರ್ಯಕರ್ತೆಯ ಅನಂತ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಸಮಾಚಾರವನ್ನು ಜರ್ನಲುಗಳಲ್ಲಿ ಆಗಾಗ ಓದುತ್ತಿರುತ್ತೇನೆ. ತಮ್ಮ ಸೇವೆಯಲ್ಲೇ ಹೊಟ್ಟೆ ಹೊರೆದವಳು ನಾನು. ಆದ್ದರಿಂದ ಈ ಪತ್ರದಲ್ಲಿ ಬರುವ ಒಂದೊಂದು ದೂರನ್ನೂ ಒಳಗಿನವಳ ಅರಿಕೆಯೆಂದು ಭಾವಿಸಿ ಓದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಮೊದಲು ಋಣದ ಮಾತು. ತಾವು ಹುಟ್ಟುವ ಮುಂಚೆ ಒಬ್ಬರ ಮನಸ್ಸಿನಲ್ಲಿ ಏನಿದೆಯೆಂದು ಹೇಳುವ ಅಧಿಕಾರ ಅವರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಇತ್ತು. ವೈದ್ಯರು ಹೇಳುತ್ತಿದ್ದರು, ಮೇಷ್ಟರು ಹೇಳುತ್ತಿದ್ದರು, ಮನೆಯ ಹಿರಿಯರು ಹೇಳುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರಾಬರ್ಟ್ ವುಡ್‌ವರ್ತ್, ಯುದ್ಧದ ಆಘಾತಕ್ಕೆ ಬೇಗ ತುತ್ತಾಗಬಹುದಾದ ಸೈನಿಕರನ್ನು ಗುರುತಿಸಲೆಂದು ‘ಹೌದು–ಇಲ್ಲ’ ಉತ್ತರಗಳ ಒಂದು ಹಾಳೆ ಸಿದ್ಧಪಡಿಸಿದರು. 1932ರಲ್ಲಿ ರೆನ್ಸಿಸ್ ಲಿಕರ್ಟ್ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಯವರೆಗೆ ಐದು ಮೆಟ್ಟಿಲು ಕಟ್ಟಿಕೊಟ್ಟರು. ಅಂದಿನಿಂದ ತಾವು ಆ ಮನುಷ್ಯರನ್ನೇ ನೇರವಾಗಿ ಕೇಳುತ್ತ ಬಂದಿದ್ದೀರಿ. ಕೂಲಿಯವಳಿಗೂ ಕುಲಪತಿಗೂ ತಮ್ಮ ಪ್ರಶ್ನೆ ಒಂದೇ. ಈ ಸಮಭಾವಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ನನ್ನ ಸಂಕಟವೆಲ್ಲ ಕೇಳಿದ ಮೇಲಿನ ತಮ್ಮ ನಡವಳಿಕೆಯದು. ಹೇಳಿದ್ದನ್ನೆಲ್ಲ ತಾವು ನಂಬುತ್ತೀರಿ. ನಂಬಿ, ಅಂಕಿ ಮಾಡಿ, ಇದೇ ಇವರ ಬಾಳು ಎಂದು ಅಚ್ಚು ಹಾಕಿಸುತ್ತೀರಿ.

ತಾವಿನ್ನೂ ಎಳೆಯರಿದ್ದಾಗಲೇ ಒಬ್ಬರು ಈ ವಿಷಯದಲ್ಲಿ ತಮ್ಮನ್ನು ಎಚ್ಚರಿಸಿದ್ದರು. 1930ರ ದಶಕದ ಆರಂಭದಲ್ಲಿ ಸಮಾಜಶಾಸ್ತ್ರಜ್ಞ ರಿಚರ್ಡ್ ಲಪಿಯರ್ ಒಬ್ಬ ಚೀನೀ ಯುವಕ ಮತ್ತು ಆತನ ಹೆಂಡತಿಯೊಡನೆ ಅಮೆರಿಕವನ್ನು ಸುತ್ತಿದರು. ಚೀನೀಯರೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಹೋಟೆಲು, ವಸತಿಗೃಹ ಎಲ್ಲ ಸೇರಿ 251 ಕಡೆ ಅವರು ಒಳಗೆ ಕಾಲಿಟ್ಟರು. ಸೇರಿಸದೆ ವಾಪಸು ಕಳಿಸಿದ್ದು ಒಂದೇ ಒಂದು ಕಡೆ. ತಿಂಗಳುಗಳು ಕಳೆದ ಮೇಲೆ ಲಪಿಯರ್ ಅವೇ ಜಾಗಗಳಿಗೆ ಅಂಚೆಯಲ್ಲಿ ತಮ್ಮನ್ನು ಕಳಿಸಿ, ಚೀನೀ ಜನರನ್ನು ಅತಿಥಿಗಳಾಗಿ ಸೇರಿಸುತ್ತೀರಾ ಎಂದು ಕೇಳಿದರು. 128 ಕಡೆಯಿಂದ ಉತ್ತರ ಬಂತು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದು ಬರೆದಿದ್ದರು. 1934ರಲ್ಲಿ ಇದು ಪ್ರಕಟವಾಯಿತು.

ಆ ಹೋಟೆಲಿನವರು ಸುಳ್ಳು ಬರೆದರೆಂದು ನಾನು ಹೇಳಲಾರೆ. ಕಾಗದ ಓದುವಾಗ ಅವರ ಕಣ್ಣ ಮುಂದೆ ಬಂದದ್ದು ಎಲ್ಲೋ ಕೇಳಿದ್ದ ಒಂದು ಜನಾಂಗ. ಕೌಂಟರಿನ ಮುಂದೆ ಬಂದು ನಿಂತಿದ್ದವರು ನಗುಮುಖದ ಗಂಡಹೆಂಡತಿ, ಪಕ್ಕದಲ್ಲೊಬ್ಬ ಬಿಳಿಯ. ಅಂದು ಕೋಣೆಯ ಕೀಲಿ ಕೊಟ್ಟವರೇ ಈ ಕಾಗದಕ್ಕೂ ಉತ್ತರ ಬರೆದಿರಬೇಕೆಂದೂ ಇಲ್ಲ. ಇಷ್ಟೆಲ್ಲ ಇಟ್ಟುಕೊಂಡು ನೋಡಿದರೂ ಒಂದು ಮಾತು ಉಳಿಯುತ್ತದೆ, ಮಹಾಶಯರೇ. ತಮ್ಮ ಹಾಳೆಯನ್ನೇ ನಂಬಿದ್ದರೆ ಆ ದಂಪತಿ ಮನೆಯಿಂದ ಹೊರಡುತ್ತಲೇ ಇರಲಿಲ್ಲ.

ತಮ್ಮ ಔದಾರ್ಯವನ್ನು ಇನ್ನೊಂದು ಕಾರಣಕ್ಕೂ ಸ್ಮರಿಸಬೇಕು. ಉತ್ತರ ಗೊತ್ತಿಲ್ಲದವರಿಗೆ ತಾವೇ ಉತ್ತರ ಹೇಳಿಕೊಡುತ್ತೀರಿ. 1985ರಲ್ಲಿ ಪ್ರಕಟವಾದ ನಾರ್ಬರ್ಟ್ ಶ್ವಾರ್ಜ್ ಮತ್ತು ಸಂಗಡಿಗರ ಜರ್ಮನಿಯ ಅಧ್ಯಯನದಲ್ಲಿ ಜನರನ್ನು ದಿನಕ್ಕೆ ಎಷ್ಟು ಹೊತ್ತು ಟೀವಿ ನೋಡುತ್ತೀರಿ ಎಂದು ಕೇಳಿದ್ದರು. ಒಂದು ಗುಂಪಿಗೆ ಕೊಟ್ಟ ಆಯ್ಕೆಗಳು ಅರ್ಧ ಗಂಟೆಯಿಂದ ಶುರುವಾಗಿ ‘ಎರಡೂವರೆ ಗಂಟೆಗಿಂತ ಹೆಚ್ಚು’ ಎಂಬಲ್ಲಿಗೆ ಮುಗಿಯುತ್ತಿದ್ದವು. ಇನ್ನೊಂದು ಗುಂಪಿಗೆ ಆಯ್ಕೆಗಳು ಶುರುವಾಗುತ್ತಿದ್ದುದೇ ‘ಎರಡೂವರೆ ಗಂಟೆಯವರೆಗೆ’ ಎಂಬಲ್ಲಿಂದ. ಮೊದಲ ಗುಂಪಿನಲ್ಲಿ ಎರಡೂವರೆ ಗಂಟೆಗಿಂತ ಹೆಚ್ಚು ನೋಡುತ್ತೇವೆ ಎಂದವರು ಶೇ. 16.2. ಎರಡನೆಯದರಲ್ಲಿ ಶೇ. 37.5. ದೇಶ ಅದೇ, ಟೀವಿ ಅದೇ, ಕೇಳಿದ ಪ್ರಶ್ನೆಯೂ ಅದೇ.

ಇದು ಹೀಗಾಗುವುದನ್ನು ನಾನು ಜಗಲಿಯ ಮೇಲೆ ಕೂತು ಎಷ್ಟೋ ಸಲ ನೋಡಿದ್ದೇನೆ. ಯಾರೂ ಟೀವಿ ನೋಡಿದ ಗಂಟೆಗಳ ಲೆಕ್ಕ ಇಟ್ಟಿರುವುದಿಲ್ಲ. ಪ್ರಶ್ನೆ ಬಿದ್ದಾಗ ಆಯ್ಕೆಗಳ ಸಾಲಿನ ಮೇಲೆ ಕಣ್ಣಾಡಿಸುತ್ತಾರೆ. ನಡುವಿನದು ಸಾಮಾನ್ಯರದ್ದು, ತುದಿಗಳೆರಡೂ ಅತಿಯವರದ್ದು ಎಂದು ತಾವೇ ಊಹಿಸಿಕೊಳ್ಳುತ್ತಾರೆ. ನಾನೂ ಹತ್ತು ಜನರಂತೆಯೇ ಅಲ್ಲವೇ ಎಂದುಕೊಂಡು ನಡುವೆ ಎಲ್ಲೋ ಬೆರಳಿಡುತ್ತಾರೆ. ‘ಮೊಬೈಲು ಎಷ್ಟು ಹೊತ್ತು ನೋಡ್ತೀಯಪ್ಪಾ’ ಎಂದರೆ ಹುಡುಗರು ‘ಎಲ್ರೂ ನೋಡೋ ಅಷ್ಟೇ ಅಕ್ಕಾ’ ಎನ್ನುತ್ತಾರೆ. ಆ ‘ಎಲ್ರೂ’ ಎಷ್ಟು ನೋಡುತ್ತಾರೆಂದು ಹೇಳಿಕೊಡುವವರು ತಾವು.

ಮೊಬೈಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಫೋನಿಗೆ ತನ್ನ ಲೆಕ್ಕ ತಾನೇ ಇಟ್ಟುಕೊಳ್ಳಲು ಬರುತ್ತದೆ. ಜನ ಹೇಳಿದ್ದಕ್ಕೂ ಫೋನಿನಂಥ ಸಾಧನಗಳು ಬರೆದಿಟ್ಟದ್ದಕ್ಕೂ ತಾಳೆ ನೋಡಿದ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಡಗ್ಲಸ್ ಪ್ಯಾರಿ ಮತ್ತು ಸಂಗಡಿಗರು ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡರ ನಡುವಿನ ಸಹಸಂಬಂಧ 0.38 ಮಾತ್ರ. ಪೂರ್ತಿ ಹೊಂದಿದ್ದರೆ ಅದು 1 ಆಗಬೇಕಿತ್ತು. ಹೀಗಿದ್ದೂ ‘ಮೊಬೈಲಿನಿಂದ ಮಕ್ಕಳಿಗೆ ಖಿನ್ನತೆ’ ಎಂಬ ತಲೆಬರಹಗಳಲ್ಲಿ ಎಷ್ಟೋ ತಮ್ಮ ಹಾಳೆಯ ಆಧಾರದ ಮೇಲೆಯೇ ನಿಂತಿವೆ. ಎಷ್ಟು ಹೊತ್ತು ನೋಡಿದೆ ಎಂದು ಹೇಳುವ ಬಾಯಿಯೂ ಎಷ್ಟು ದುಃಖವಿದೆ ಎಂದು ಹೇಳುವ ಬಾಯಿಯೂ ಒಂದೇ. ಮನಸ್ಸು ಕುಗ್ಗಿದ ಹುಡುಗಿಗೆ ತಾನು ಮಾಡಿದ್ದೆಲ್ಲ ಅತಿಯಾಯಿತೆಂದು ಅನಿಸುತ್ತಿರುತ್ತದೆ. ಅವಳು ಗಂಟೆಗಳನ್ನೂ ಹೆಚ್ಚಿಸಿ ಹೇಳಿದರೆ ಎರಡು ಅಂಕಿಗಳು ಒಟ್ಟಿಗೆ ಮೇಲೇರುತ್ತವೆ. ತಾವು ಅದನ್ನು ಕಾರಣ ಮತ್ತು ಪರಿಣಾಮವೆಂದು ಒಪ್ಪಿಸುತ್ತೀರಿ. ಆಮೇಲೆ ಮನೆಯಲ್ಲಿ ಫೋನು ಕಿತ್ತುಕೊಳ್ಳುತ್ತಾರೆ. ಅವಳು ಯಾಕೆ ಕುಗ್ಗಿದ್ದಾಳೆಂದು ಯಾರೂ ಕೇಳುವುದಿಲ್ಲ.

‘ಕಾರಣ ತಿಳಿಸಿ’ ಎಂಬ ತಮ್ಮ ಆಜ್ಞೆಯ ಬಗ್ಗೆಯೂ ಒಂದು ಬಿನ್ನಹವಿದೆ. ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ 1977ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಅಂಗಡಿಯ ಪ್ರಸಂಗ ಬರುತ್ತದೆ. ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಒಳ್ಳೆಯದು ಎಂದು ಗಿರಾಕಿಗಳನ್ನು ಕೇಳಿದರು. ನಾಲ್ಕರಲ್ಲೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಆದರೂ ಎಡತುದಿಯದಕ್ಕಿಂತ ಬಲತುದಿಯದನ್ನು ಆರಿಸಿದವರು ಹತ್ತಿರಹತ್ತಿರ ನಾಲ್ಕು ಪಟ್ಟು. ಕಾರಣ ಕೇಳಿದರೆ ನೂಲು, ನೇಯ್ಗೆ, ಗುಣಮಟ್ಟ ಎಂದರು. ಇಟ್ಟ ಜಾಗದ ಹೆಸರನ್ನು ಒಬ್ಬರೂ ಎತ್ತಲಿಲ್ಲ. 2005ರಲ್ಲಿ ಸ್ವೀಡನ್ನಿನ ಪೆಟ್ಟರ್ ಯೋಹಾನ್ಸನ್ ಮತ್ತು ಲಾರ್ಸ್ ಹಾಲ್ ಎರಡೆರಡು ಮುಖಚಿತ್ರ ತೋರಿಸಿ ಒಂದನ್ನು ಆರಿಸಲು ಹೇಳಿದರು. ಕೆಲವು ಸಲ ಕೈಚಳಕದಿಂದ ಚಿತ್ರ ಬದಲಿಸಿ, ಆರಿಸದೆ ಬಿಟ್ಟ ಮುಖವನ್ನೇ ಕೈಗಿಟ್ಟು, ಇದನ್ನೇಕೆ ಆರಿಸಿದಿರಿ ಎಂದರು. ಬಹುಪಾಲು ಮಂದಿಗೆ ಅದಲುಬದಲು ಗೊತ್ತೇ ಆಗಲಿಲ್ಲ. ತಾವೇ ಒಲ್ಲೆವೆಂದ ಮುಖಕ್ಕೆ ಕಾರಣಗಳನ್ನು ಸಲೀಸಾಗಿ ಒಪ್ಪಿಸಿದರು. ಕೇಳಿದ್ದಕ್ಕೆ ಏನಾದರೂ ಹೇಳಬೇಕಲ್ಲ ಎಂಬುದು ನಮ್ಮೆಲ್ಲರ ಸ್ವಭಾವ. ಆದ್ದರಿಂದ ದಯಮಾಡಿ, ‘ಕಾರಣ’ದ ಖಾಲಿ ಗೆರೆಯಲ್ಲಿ ತುಂಬಿದ್ದನ್ನು ಕಾರಣವೆಂದು ಕರೆಯಬೇಡಿ.

ಉತ್ತರಿಸುವವರ ಹತ್ತಿರ ಬೇರೆಯವರು ಕೂತಾಗ ಏನಾಗುತ್ತದೆಂಬುದನ್ನು ತಾವು ಕಾಣಲಾರಿರಿ, ನಾನು ಕಂಡಿದ್ದೇನೆ. ಕೋಲಾರದ ಕಡೆಯ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿದ್ದವು. ಆ ಮನೆಯ ಸೊಸೆ ತಟ್ಟೆಯಿಂದ ಒಂದೊಂದೇ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುತ್ತಲೇ ನನ್ನ ಪ್ರಶ್ನೆಗಳನ್ನು ಕೇಳಿಸಿಕೊಂಡಳು. ಅಂದು ನನ್ನ ಟ್ಯಾಬಿನಲ್ಲಿದ್ದದ್ದು ಖಿನ್ನತೆ ಅಳೆಯುವ ತಮ್ಮ ಹೆಸರಾಂತ ರೂಪ, ಪಿಎಚ್‌ಕ್ಯೂ-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27, ಹತ್ತು ಮುಟ್ಟಿದರೆ ಗಮನಿಸಬೇಕು. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲವೆನಿಸಿದೆಯೇ ಎಂದು ಓದಿದೆ. ಅವಳು ಮೊದಲು ನೋಡಿದ್ದು ಬಾಗಿಲ ಬಳಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅತ್ತೆಯ ಕಡೆಗೆ. ‘ಏನೂ ಇಲ್ಲಕ್ಕಾ, ಚೆನ್ನಾಗೇ ಇದೀನಿ’ ಎಂದಳು. ‘ಅವಳಿಗೇನಮ್ಮಾ ಕಮ್ಮಿ? ಮೂರು ಹೊತ್ತು ಊಟ ಐತೆ, ಮನೆ ಐತೆ, ಬರ್ಕೋ’ ಎಂದರು ಅತ್ತೆ. ನಿದ್ದೆಯ ಪ್ರಶ್ನೆಗೂ ಸೊನ್ನೆ. ಸುಸ್ತಿನ ಪ್ರಶ್ನೆಗೂ ಸೊನ್ನೆ. ಒಂಬತ್ತನೆಯದು ಸತ್ತರೆ ಒಳ್ಳೆಯದೆಂಬ ಯೋಚನೆಯ ಬಗ್ಗೆ. ಅದನ್ನು ದನಿ ತಗ್ಗಿಸಿ ಕೇಳಿದೆ. ಅದಕ್ಕೂ ಸೊನ್ನೆ. ಫಾರಂ ಕಳಿಸಿಯಾಯಿತು.

ನೀರು ತರುವ ನೆಪದಲ್ಲಿ ಅವಳು ಕೊಡ ಎತ್ತಿಕೊಂಡು ನನ್ನ ಜೊತೆ ಬೀದಿಯವರೆಗೆ ಬಂದಳು. ‘ನಿದ್ದೆಗೆ ಒಂದು ಮಾತ್ರೆ ಇದ್ರೆ ಹೇಳಕ್ಕಾ. ರಾತ್ರಿಯೆಲ್ಲ ಎದೆ ಮೇಲೆ ಯಾರೋ ಕೂತಂಗಾಗ್ತೈತೆ. ಕೈಕಾಲೆಲ್ಲ ಸೆಳೆತ. ಬೆಳಗಾಗೋದೇ ಬೇಡ ಅನ್ಸ್ತೈತೆ.’ ಟೆಲಿ ಮನಸ್ ಸಹಾಯವಾಣಿಯ 14416 ಬರೆದುಕೊಟ್ಟೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ದಿನ ಹೇಳಿದೆ. ಸಂಜೆ ಮೇಲ್ವಿಚಾರಕರಿಗೆ ತಿಳಿಸಿದರೆ, ಕಳಿಸಿದ ಫಾರಂ ತಿದ್ದಲು ಬರುವುದಿಲ್ಲ ಎಂದರು. ಆ ಊರಿನ ಪಟ್ಟಿಯಲ್ಲಿ ಅವಳು ಇಂದಿಗೂ ಖಿನ್ನತೆ ಇಲ್ಲದ ಮಹಿಳೆ. ಇದರ ಋಣವನ್ನು ಯಾರ ಹೆಸರಿಗೆ ಬರೆಯಲಿ, ಮಹಾಶಯರೇ?

ಅವಳು ಹಾಗೇಕೆ ಮಾಡಿದಳೆಂಬುದು ಒಗಟೇನೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದ ರೋಗಿಗಳೊಡನೆ ಮಾತಾಡಿ ಆರ್. ರಘುರಾಮ್ ಮತ್ತು ಸಂಗಡಿಗರು 1996ರಲ್ಲೇ ಇದನ್ನು ಬರೆದಿದ್ದಾರೆ. ಮೈಕೈ ನೋವು ಎಲ್ಲರಿಗೂ ಬರುವಂಥದ್ದು, ಹೇಳಿಕೊಂಡರೆ ನಾಚಿಕೆಯಿಲ್ಲ. ಮನಸ್ಸಿನ ದುಃಖ ಹೇಳಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಅಳುಕು ಅವರಿಗೆ ಸಿಕ್ಕಿದ ಮುಖ್ಯ ಸಂಗತಿ. ತಾವು ಮನಸ್ಸನ್ನು ಕೇಳುತ್ತೀರಿ, ಅದೂ ಅತ್ತೆಯ ಎದುರಿಗೆ. ಅವಳು ಉತ್ತರವನ್ನು ಮೈಯಲ್ಲಿ ಇಟ್ಟುಕೊಂಡಿರುತ್ತಾಳೆ.

ಇನ್ನೂ ಕೆಲವರು ನನ್ನ ಕೈಯಲ್ಲಿ ಟ್ಯಾಬು ಕಂಡ ಕೂಡಲೇ ‘ಯಾವ ಸ್ಕೀಮು ಮೇಡಂ?’ ಎನ್ನುತ್ತಾರೆ. ಕಷ್ಟ ಹೇಳಿಕೊಂಡರೆ ಏನಾದರೂ ಬರಬಹುದೆಂಬ ಆಸೆ ಒಬ್ಬರಿಗೆ. ಸುಖ ಹೇಳಿಕೊಂಡರೆ ಬಿಪಿಎಲ್ ಕಾರ್ಡು ರದ್ದಾದೀತೆಂಬ ಭಯ ಪಕ್ಕದ ಮನೆಯವರಿಗೆ. ‘ನೀವೇ ಏನೋ ಒಂದು ಬರ್ಕೊಳ್ಳಿ’ ಎಂದು ಕಾಫಿ ತರಲು ಒಳಗೆ ಹೋಗುವ ಸಜ್ಜನರೂ ಇದ್ದಾರೆ. ಅವರ ಆದರ, ಆಸೆ, ಭಯ ಮೂರಕ್ಕೂ ತಮ್ಮಲ್ಲಿ ಅಂಕಣವಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದು ಅಂಕಿ ನನ್ನನ್ನು ಬಿಡದೆ ಕಾಡುತ್ತದೆ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆಂದು ಹೇಳಿದ ವಿವಾಹಿತ ಮಹಿಳೆಯರು ಕರ್ನಾಟಕದಲ್ಲಿ 2015–16ರ ಸುತ್ತಿನಲ್ಲಿ ಶೇ. 20.6. ಮುಂದಿನ ಸುತ್ತಿನಲ್ಲಿ, 2019–20ರಲ್ಲಿ, ಶೇ. 44.4. ನಾಲ್ಕು ವರ್ಷದಲ್ಲಿ ಎರಡು ಪಟ್ಟಿಗೂ ಹೆಚ್ಚು. ನಮ್ಮ ಗಂಡಸರ ಕೈ ಅಷ್ಟು ಉದ್ದವಾಯಿತೇ? ಹೆಂಗಸರ ಬಾಯಿ ತೆರೆಯಿತೇ? ಕೇಳಲು ಹೋದವರು ಈ ಸಲ ಚೆನ್ನಾಗಿ ಕೇಳಿದರೇ? ಮೂರೂ ಒಂದಿಷ್ಟು ಸೇರಿರಬಹುದು. ಅಂಕಿಯನ್ನು ಎಷ್ಟು ಹಿಂಡಿದರೂ ಯಾವುದು ಎಷ್ಟೆಂದು ಹೇಳುವುದಿಲ್ಲ. ಒಂದು ಮಾತ್ರ ನನಗೆ ಖಾತ್ರಿ. ಹೌದೆಂದ ಹೆಂಗಸರು ಹಗುರವಾಗಿ ಹೇಳಿರಲಾರರು. ಇಂಥ ಪ್ರಶ್ನೆಯಲ್ಲಿ ಮುಚ್ಚಿಡುವವರೇ ಹೆಚ್ಚು. ಈ ಸಮೀಕ್ಷೆಯವರು ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತಾರೆ, ಏಕಾಂತ ಸಿಗದಿದ್ದರೆ ಕೇಳುವುದೇ ಇಲ್ಲ. ತಮ್ಮ ಬಳಗದಲ್ಲೇ ಇಂಥ ವಿವೇಕವಂತರಿರುವಾಗ ಉಳಿದವರಿಗೆ ಅದನ್ನು ಕಲಿಸಲು ತಮಗೆ ಯಾವ ಅಡ್ಡಿ?

ಓದಿದವರ ಮುಂದೆ ತಮ್ಮ ಕಷ್ಟ ಬೇರೆ ಬಗೆಯದು. 2012ರ ಅಂತರರಾಷ್ಟ್ರೀಯ ಪೀಸಾ ಪರೀಕ್ಷೆಯಲ್ಲಿ ಹದಿನೈದರ ವಯಸ್ಸಿನ ಮಕ್ಕಳಿಗೆ ಗಣಿತದ ಪರಿಕಲ್ಪನೆಗಳ ಪಟ್ಟಿ ಕೊಟ್ಟು, ಯಾವುದು ಎಷ್ಟು ಗೊತ್ತೆಂದು ಕೇಳಿದ್ದರು. ‘ಡಿಕ್ಲರೇಟಿವ್ ಫ್ರಾಕ್ಷನ್’ ಮುಂತಾದ ಮೂರನ್ನು ಸುಮ್ಮನೆ ಕಟ್ಟಿ ಸೇರಿಸಿದ್ದರು. ಇಂಗ್ಲಿಷ್ ಮಾತಾಡುವ ಒಂಬತ್ತು ದೇಶಗಳ ಸುಮಾರು 40,000 ಮಕ್ಕಳ ಉತ್ತರಗಳನ್ನು ಜಾನ್ ಜೆರಿಮ್ ಮತ್ತು ಸಂಗಡಿಗರು ಜಾಲಾಡಿದಾಗ, ಇಲ್ಲದ ಗಣಿತವನ್ನು ಬಲ್ಲೆವೆಂದವರಲ್ಲಿ ಹುಡುಗರೂ ಸ್ಥಿತಿವಂತರ ಮಕ್ಕಳೂ ಮುಂದಿದ್ದರು. ಜನ ತಮ್ಮ ಸಾಮರ್ಥ್ಯವನ್ನು ತಾವೇ ಅಳೆದುಕೊಂಡು ಕೊಟ್ಟ ಅಂಕಗಳ ಮೇಲೆ ‘ಆತ್ಮವಿಶ್ವಾಸ’ ಎಂಬ ಹೆಸರಿನಲ್ಲಿ ಎಷ್ಟು ಪ್ರಬಂಧಗಳು ಬಂದಿವೆಯೋ. ಕಾಲೇಜುಗಳಲ್ಲಂತೂ ಇಂಟರ್ನಲ್ ಮಾರ್ಕ್ಸಿನ ಆಸೆಗೆ ತಮ್ಮನ್ನು ಬೆಲ್ ಹೊಡೆಯುವುದರೊಳಗೆ ತುಂಬಿಸಿಕೊಡುತ್ತಾರೆ. ಮೇಲಿಂದ ಕೆಳಗಿನವರೆಗೆ ಒಂದೇ ನೇರಕ್ಕೆ ಮೂರು, ಮೂರು, ಮೂರು.

ನೆನಪಿನ ವಿಷಯಕ್ಕೆ ಒಂದೇ ಮಾತು. ಡೊನಾಲ್ಡ್ ರೆಡೆಲ್‌ಮೈಯರ್ ಮತ್ತು ಡೇನಿಯಲ್ ಕಾನಮನ್ 1996ರಲ್ಲಿ ಕೊಲೊನೊಸ್ಕೊಪಿ ಮಾಡಿಸಿಕೊಂಡವರ ನೋವನ್ನು ನಿಮಿಷ ನಿಮಿಷಕ್ಕೂ ಬರೆಸಿಕೊಂಡು, ಆಮೇಲೆ ಒಟ್ಟು ನೋವೆಷ್ಟೆಂದು ಕೇಳಿದರು. ನಾಲ್ಕೇ ನಿಮಿಷದಲ್ಲಿ ಮುಗಿದವರೂ ಇದ್ದರು, ಗಂಟೆ ದಾಟಿದವರೂ ಇದ್ದರು. ನೆನಪಿನಲ್ಲಿ ಉಳಿದದ್ದು ನೋವಿನ ತುತ್ತತುದಿ ಮತ್ತು ಕೊನೆಯ ಕೆಲವು ನಿಮಿಷ. ಎಷ್ಟು ಹೊತ್ತು ನೊಂದೆವೆಂಬುದು ಲೆಕ್ಕಕ್ಕೇ ಬಂದಿರಲಿಲ್ಲ. ತಾವು ‘ಕಳೆದ ಒಂದು ವರ್ಷದಲ್ಲಿ’ ಎಂದು ಎಷ್ಟು ಧೈರ್ಯದಿಂದ ಕೇಳುತ್ತೀರಿ!

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ತಾವು ನಿವೃತ್ತರಾಗಬೇಕೆಂದು ಬೇಡುತ್ತಿದ್ದೇನೆ ಎಂದು ತಿಳಿಯಬೇಡಿ. ತಾವಿಲ್ಲದೆ ನನಗೆ ಗತಿಯಿಲ್ಲ. ಮನಶ್ಶಾಸ್ತ್ರಕ್ಕೂ ಇಲ್ಲ. ಟೀವಿಯ ಗಂಟೆಯನ್ನು ಯಂತ್ರ ಎಣಿಸೀತು, ನಡೆದ ಹೆಜ್ಜೆಯನ್ನು ಗಡಿಯಾರ ಎಣಿಸೀತು. ಬೆಳಗಾಗುವುದೇ ಬೇಡ ಎಂಬ ಅನಿಸಿಕೆಯನ್ನು ಅನಿಸಿದವಳೇ ಹೇಳಬೇಕು. ರಕ್ತ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ. ಹಾಗಾಗಿಯೇ ತಮ್ಮ ಮೇಲೆ ನನಗಿಷ್ಟು ಕೋಪ. ಬೇರೆ ಯಾವ ದಾರಿಯಿಂದಲೂ ಸಿಗದ ಸಂಗತಿಯನ್ನು ಕೇಳಲು ಬಂದವರು, ಅದನ್ನು ಹೇಳಲು ಬೇಕಾದ ಮರೆಯನ್ನೂ ಹೊತ್ತನ್ನೂ ಕೊಡದೆ ಕೇಳಿ ಹೋಗುತ್ತೀರಿ.

ಮರೆ ಕೊಡುವ ಉಪಾಯ ತಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. 1965ರಲ್ಲೇ ಸ್ಟ್ಯಾನ್ಲಿ ವಾರ್ನರ್ ದಾರಿ ತೋರಿಸಿದ್ದಾರೆ. ಅದರ ಒಂದು ಸರಳ ರೂಪ ಹೀಗಿದೆ. ಉತ್ತರಿಸುವವರು ಯಾರಿಗೂ ತೋರಿಸದೆ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಏನೇ ಇರಲಿ ‘ಹೌದು’ ಎನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ನೂರು ಜನರಲ್ಲಿ 65 ಮಂದಿ ‘ಹೌದು’ ಎಂದರೆ, ಸುಮಾರು 50 ನಾಣ್ಯ ಹೇಳಿಸಿದ್ದು. ನಿಜ ಹೇಳಿದ ಉಳಿದ 50ರಲ್ಲಿ 15 ಮಂದಿ ‘ಹೌದು’, ಅಂದರೆ ನೂರಕ್ಕೆ 30. ಯಾರ ‘ಹೌದು’ ಯಾವುದೆಂದು ನನಗೂ ತಿಳಿಯುವುದಿಲ್ಲ, ಬಾಗಿಲಲ್ಲಿ ಕೂತ ಅತ್ತೆಗೂ ತಿಳಿಯುವುದಿಲ್ಲ. ಇದಕ್ಕೆ ಹೆಚ್ಚು ಜನರನ್ನು ಕೇಳಬೇಕಾಗುತ್ತದೆ, ವಿವರಿಸಲು ಸಮಯ ಹಿಡಿಯುತ್ತದೆ. ಅಷ್ಟಕ್ಕೇ ಬೇಸತ್ತು ಇದನ್ನು ಪಠ್ಯಪುಸ್ತಕದಲ್ಲೇ ಬಿಟ್ಟಿರುವುದು ನ್ಯಾಯವೇ?

ಕೊನೆಯದಾಗಿ ನನ್ನ ಬೇಡಿಕೆಗಳನ್ನು ಪಾದಕ್ಕೆ ಒಪ್ಪಿಸುತ್ತೇನೆ. ತಮ್ಮ ಮುಂದಿನ ಆವೃತ್ತಿಯಲ್ಲಿ, ಕೇಳುವಾಗ ಕೋಣೆಯಲ್ಲಿ ಮತ್ತಾರಿದ್ದರು ಎಂದು ಬರೆಯಲು ಒಂದು ಅಂಕಣ ಇಡಿ, ಅದನ್ನು ಪ್ರಬಂಧದ ಪಟ್ಟಿಯಲ್ಲಿಯೂ ಅಚ್ಚು ಹಾಕಿಸಿ. ಫಾರಂ ಕಳಿಸಿದ ಮೇಲೆ ಬೀದಿಯಲ್ಲಿ ಹೇಳಿದ ಮಾತಿಗೂ ಜಾಗ ಕೊಡಿ. ನಡವಳಿಕೆಯನ್ನು ಕಣ್ಣಿಂದಲೋ ಯಂತ್ರದಿಂದಲೋ ನೋಡಲು ಬರುವ ಕಡೆ ಬಾಯಿಮಾತಿನಲ್ಲಿ ತೃಪ್ತರಾಗಬೇಡಿ. ನಮಗೆ ಫಾರಂ ಒಂದಕ್ಕೆ ಇಷ್ಟು ಎಂದು ಕೂಲಿ ಕೊಡುವುದನ್ನು ನಿಲ್ಲಿಸಿ ದಿನದ ಲೆಕ್ಕದಲ್ಲಿ ಕೊಡುವಂತೆ ತಮ್ಮ ಯಜಮಾನರಿಗೆ ಶಿಫಾರಸು ಮಾಡಿ. ಸಂಜೆಯೊಳಗೆ ಎಣಿಕೆ ಮುಟ್ಟಿಸಬೇಕಾದವಳು ಅತ್ತೆ ಎದ್ದು ಹೋಗುವವರೆಗೆ ಕಾಯುತ್ತ ಕೂರಲಾರಳು. ಕಾಯಲು ಬಿಟ್ಟರೆ, ಹುಳ ಬಿಡುವ ಕೆಲಸಕ್ಕೆ ನಾನೂ ಕೈ ಹಾಕಿ, ಅದು ಮುಗಿದ ಮೇಲೆ ಆ ಒಂಬತ್ತು ಪ್ರಶ್ನೆಗಳನ್ನು ಮೊದಲಿನಿಂದ ಕೇಳುತ್ತೇನೆ.

ಇಂತಿ ತಮ್ಮ ವಿಧೇಯಳು,
ಓರ್ವ ಕ್ಷೇತ್ರ ಕಾರ್ಯಕರ್ತೆ